ಕುದುರೆ ಹೋಯಿತು, ಜೂಜು ಉಳಿಯಿತು

ಜೂಜನ್ನು ನಾವೆಂದೂ ಒಪ್ಪಿದವರಲ್ಲ. ಆದರೂ ಅಮೆರಿಕದ ಷಿಕಾಗೋ ಬಳಿಯ ಆರ್ಲಿಂಗ್ಟನ್ ರೇಸ್ ಮೈದಾನದ ಪ್ರೇಕ್ಷಕರ ಬಗ್ಗೆ ನಮಗೆ ಮರುಕವಿದೆ. 1927ರಲ್ಲಿ ಆರಂಭವಾದ ಆ ಮೈದಾನದ ಪ್ರೇಕ್ಷಕರ ಗ್ಯಾಲರಿ 1985ರ ಜುಲೈ 31ರಂದು ಸುಟ್ಟು ಬೂದಿಯಾದಾಗ, ತಿಂಗಳು ತುಂಬುವ ಮೊದಲೇ ಸಹಸ್ರಾರು ಜನರು ಡೇರೆಗಳ ನಡುವೆ ನೆರೆದು ಓಟ ವೀಕ್ಷಿಸಿದ್ದರು.

2000ದಲ್ಲಿ ಅದು ಚರ್ಚಿಲ್ ಡೌನ್ಸ್ ಕಂಪೆನಿಯ ಕೈಸೇರಿತು. 2019ರಲ್ಲಿ ಈ ಕಂಪೆನಿಯು ಸಮೀಪದ ಕ್ಯಾಸಿನೋವೊಂದರ ಬಹುಪಾಲು ಶೇರುಗಳನ್ನು ಖರೀದಿಸಿತು. ಅದೇ ವರ್ಷ ರೇಸ್ ಮೈದಾನದಲ್ಲೂ ಕ್ಯಾಸಿನೋ ನಡೆಸಿ, ಆದಾಯದ ಒಂದಂಶವನ್ನು ಓಟದ ಬಹುಮಾನಕ್ಕೆ ಕೊಡಲು ಕಾನೂನು ಅವಕಾಶ ನೀಡಿತು. ಕಂಪೆನಿ ಅರ್ಜಿಯನ್ನೇ ಸಲ್ಲಿಸಲಿಲ್ಲ. ತನ್ನ ಅಂಗಡಿಗೆ ತಾನೇ ಪೈಪೋಟಿ ಒಡ್ಡುವ ವ್ಯಾಪಾರಿ ಎಲ್ಲಿದ್ದಾನೆ?

2021ರ ಸೆಪ್ಟೆಂಬರ್‌ನಲ್ಲಿ ಕೊನೆಯ ಓಟ ನಡೆಯಿತು. 2023ರಲ್ಲಿ 19.72 ಕೋಟಿ ಡಾಲರಿಗೆ ಮೈದಾನವು ಫುಟ್ಬಾಲ್ ತಂಡವೊಂದರ ಪಾಲಾಯಿತು. ಬಾಜಿ ಕಟ್ಟದೆ, ಕುದುರೆಯ ಚೆಲುವು ಕಾಣಲೆಂದೇ ಮಕ್ಕಳೊಂದಿಗೆ ಬರುತ್ತಿದ್ದವರನ್ನು ಕೇಳಿದವರಾರು? ಕ್ಯಾಸಿನೋದ ಬಾಗಿಲು ಮಾತ್ರ ತೆರೆದೇ ಇದೆ.