ಶಬ್ದ-ಸಂಸಾರ: ವಿದ್ಯುತ್ತಿನ ಹಗೇವು

ಬೈಲಹೊಂಗಲದಿಂದ ನಿವೃತ್ತ ಶಿಕ್ಷಕರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮೊಮ್ಮಗ ಐ.ಟಿ.ಐ.ಯಲ್ಲಿ ವಿದ್ಯುತ್ತಿನ ಕೆಲಸ ಕಲಿಯುತ್ತಿರುವನಂತೆ. ಒಂದು ಸಂಜೆ ಅವನು ಅಜ್ಜನ ಬಳಿಗೆ ಬಂದು, 'ಬ್ಯಾಟರಿ ಬ್ಯಾಕಪ್ ಇರುವ ಡಿ.ಸಿ. ಪವರ್ ಸಿಸ್ಟಮ್' ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದನು. ಅಜ್ಜ ನಿಘಂಟನ್ನು ತೆರೆದು, ಅರ್ಧ ಗಂಟೆ ಶ್ರಮಿಸಿ, 'ಸಂಚಾಯಕಕೋಶಾವಲಂಬಿತ ಏಕಮುಖ ವಿದ್ಯುತ್ಪ್ರವಾಹ ವ್ಯವಸ್ಥೆ' ಎಂದು ಜೋಡಿಸಿ ಕೊಟ್ಟರು. ಮೊಮ್ಮಗ ನಕ್ಕುಬಿಟ್ಟನು. "ಅಜ್ಜಾ, ಇದನ್ನ ಹೇಳಿ ಮುಗಿಸೂದ್ರಾಗ ಬ್ಯಾಟರಿನ ಇಳದು ಹೋಗತೈತಿ!"

"ಹುಡುಗ ನಕ್ಕದ್ದು ನನ್ನ ಮೇಲೋ, ಕನ್ನಡದ ಮೇಲೋ? ತಾವು ತೀರ್ಪು ಹೇಳಬೇಕು" ಎಂದು ಆ ಹಿರಿಯರು ಕೇಳಿದ್ದಾರೆ. ತೀರ್ಪು ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಈ ಪ್ರಶ್ನೆಯೊಡನೆ ನನಗೊಂದು ಹಳೆಯ ಲೆಕ್ಕವಿದೆ. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ಮೊದಲು ಬ್ಯಾಟರಿ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಬೈಲಹೊಂಗಲ, ಸವದತ್ತಿಗಳ ಕಡೆಗೆ ಹೋಗಿ, "ಬ್ಯಾಟರಿ ಕೊಡವ್ವಾ" ಎಂದರೆ ಮನೆಯಾಕೆ ಕೈದೀಪವನ್ನು, ಅಂದರೆ ಟಾರ್ಚನ್ನು ತಂದುಕೊಡುತ್ತಾಳೆ. ಅದರೊಳಗಿನದು 'ಸೆಲ್ಲು'. ಮೋಟಾರಿನಲ್ಲಿಯೂ ಇನ್ವರ್ಟರಿನ ಕೆಳಗೂ ಇರುವ ಭಾರವಾದ ಪೆಟ್ಟಿಗೆಯೂ ಬ್ಯಾಟರಿಯೇ. ಹೀಗೆ ಒಂದೇ ಶಬ್ದ ಎರಡು ಮನೆಯ ಸಂಸಾರ ನಡೆಸುತ್ತಿದ್ದರೂ ಅಲ್ಲಿನ ಜನಕ್ಕೆ ಎಂದೂ ಗೊಂದಲವಾದಂತಿಲ್ಲ.

ಈ ಶಬ್ದದ ಪೂರ್ವಾಶ್ರಮ ಕೇಳಿದರೆ ಕಿತ್ತೂರಿನವರು ಹುಬ್ಬೇರಿಸಬಹುದು. ಇಂಗ್ಲಿಷಿನಲ್ಲಿ ಬ್ಯಾಟರಿ ಎಂದರೆ ಮೊದಲು ತೋಪುಗಳ ಸಾಲು. 1824ರ ಡಿಸೆಂಬರಿನಲ್ಲಿ ಕಂಪನಿಯ ಸೈನ್ಯ ಚೆನ್ನಮ್ಮರಾಣಿಯ ಕೋಟೆಯೆದುರು ಹೂಡಿದ ತೋಪುಗಳಿಗೆ ಆ ಸೈನ್ಯದ ಭಾಷೆಯಲ್ಲಿ ಇದೇ ಹೆಸರು. ಅದಕ್ಕೂ ಮುನ್ನ, 1749ರಲ್ಲಿ, ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತನ್ನು ಹಿಡಿದಿಡುವ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿ, ತೋಪುಗಳ ಹೆಸರನ್ನೇ ಅವಕ್ಕೆ ಇಟ್ಟಿದ್ದನು. ಇಟಲಿಯ ವೋಲ್ಟಾ 1800ರಲ್ಲಿ ಲೋಹದ ಬಿಲ್ಲೆಗಳನ್ನು ಪೇರಿಸಿ ನಿರಂತರವಾಗಿ ಹರಿಯುವ ವಿದ್ಯುತ್ತನ್ನು ಪಡೆದನು. 1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂತೆ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಬರಿದಾದ ಮೇಲೆ ಮತ್ತೆ ತುಂಬಬಹುದಾದ ಕೋಶವನ್ನು ಮಾಡಿದನು. ಇಂದು ನಮ್ಮ ಮನೆಗಳ ಇನ್ವರ್ಟರಿನಡಿ ಕುಳಿತಿರುವ ಬ್ಯಾಟರಿಗಳು ಬಹುಮಟ್ಟಿಗೆ ಅದೇ ಕೋಶದ ಸಂತತಿ. ಮುಚ್ಚಿದ ಮಾದರಿಯವೂ ಲಿಥಿಯಂ ಬ್ಯಾಟರಿಗಳೂ ಈಗ ಬಂದಿವೆಯಾದರೂ ನೀರು ಕುಡಿಯುವ ಸೀಸದ ಬ್ಯಾಟರಿ ಇನ್ನೂ ನಿವೃತ್ತವಾಗಿಲ್ಲ.

ತೋಪಿನಿಂದ ಜಾಡಿಗೆ, ಜಾಡಿಯಿಂದ ಕೋಶಕ್ಕೆ ನಡೆದು ಬಂದ ಶಬ್ದ ನಮ್ಮಲ್ಲಿ ಟಾರ್ಚಿಗೂ ಬಂದಿದ್ದರೆ ಅದರಲ್ಲಿ ತಪ್ಪೇನಿದೆ? ಬ್ಯಾಟರಿಯನ್ನು ಬ್ಯಾಟರಿಯೆಂದೇ ಕರೆಯೋಣ.

ಆದರೆ ಎಲ್ಲ ಶಬ್ದಗಳೂ ಇಷ್ಟು ಸಾಧುವಲ್ಲ. ಎ.ಸಿ., ಡಿ.ಸಿ. ಎಂಬ ಜೋಡಿಯನ್ನು ನೋಡಿರಿ. ಡಿ.ಸಿ. ಎಂದರೆ ಕಾಲುವೆಯ ನೀರಿನಂತೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ಬ್ಯಾಟರಿಯಿಂದಲೂ ಸೌರ ಫಲಕದಿಂದಲೂ ಬರುವುದು ಇದು. ಎ.ಸಿ. ಎಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು. ನಮ್ಮ ಕಂಬದ ತಂತಿಯಲ್ಲಿ ಬರುವುದು ಸೆಕೆಂಡಿಗೆ 50 ಆವರ್ತ ಮುಗಿಸುತ್ತದೆ. ಅಂದರೆ 100 ಸಲ ಮುಖ ತಿರುಗಿಸುತ್ತದೆ. ಪಠ್ಯಪುಸ್ತಕಗಳು ಇದನ್ನು 'ಪರ್ಯಾಯ ವಿದ್ಯುತ್ಪ್ರವಾಹ' ಎನ್ನುತ್ತವೆ. ಸರದಿಯಂತೆ ಬರುವುದು ಎಂಬ ಅರ್ಥದಲ್ಲಿ ಶಬ್ದ ಶುದ್ಧವೇ. ಉಡುಪಿಯ ಮಠಗಳ ಪರ್ಯಾಯವೂ ಅದೇ ಅರ್ಥದ್ದು. ಆದರೆ ಇಂದಿನ ವ್ಯವಹಾರದಲ್ಲಿ 'ಪರ್ಯಾಯ ವ್ಯವಸ್ಥೆ' ಎಂದರೆ ಒಂದು ಕೆಟ್ಟಾಗ ಅದರ ಬದಲಿಗೆ ಬರುವ ಇನ್ನೊಂದು. ಆದ್ದರಿಂದ 'ಪರ್ಯಾಯ ವಿದ್ಯುತ್' ಎಂದೊಡನೆ ಹಳ್ಳಿಯ ರೈತನು ಕರೆಂಟು ಹೋದಾಗ ನೆರವಿಗೆ ಬರುವ ಬ್ಯಾಟರಿಯನ್ನು ನೆನೆಯುತ್ತಾನೆ. ಬ್ಯಾಟರಿ ಕೊಡುವುದೋ ಡಿ.ಸಿ.! ಶಬ್ದ ಬೆರಳು ಮಾಡಿದ ದಿಕ್ಕಿಗೆ ನೇರ ವಿರುದ್ಧವಾದ ವಸ್ತು. 'ಒಮ್ಮುಖ', 'ಇಮ್ಮುಖ' ಎಂಬ ಜೋಡಿಯನ್ನು ಬಳಸಿದರೆ ಈ ತೊಡಕಿಲ್ಲವೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಇನ್ನು ಚಾರ್ಜ್ ಎಂಬುದಕ್ಕೆ ಶಾಸ್ತ್ರದ ಶಬ್ದ 'ವಿದ್ಯುದಾವೇಶ'. ಯಲ್ಲಮ್ಮನ ಗುಡ್ಡದ ನೆರಳಿನಲ್ಲಿರುವ ಸವದತ್ತಿಯಲ್ಲಿ ನಿಂತು, "ಬ್ಯಾಟರಿಗೆ ಆವೇಶ ಬಂದಿದೆ" ಎಂದರೆ ಕೇಳಿದವರು ಕೈಮುಗಿದಾರು. ಡಿಸ್ಚಾರ್ಜಿಗೆ 'ವಿಸರ್ಜನೆ' ಎಂದರೆ ಗಣಪತಿಯ ನೆನಪು. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗರು, "ಚಾರ್ಜ್ ಏರೈತಿ", "ಚಾರ್ಜ್ ಇಳದೈತಿ" ಎನ್ನುತ್ತಾರೆ. ಏರು, ಇಳಿ: ಎರಡೆರಡು ಅಕ್ಷರ, ಎಂಟು ವರ್ಷದ ಕೂಸಿಗೂ ತಿಳಿಯುವ ಮಾತು. ಪಂಡಿತರು ಇದನ್ನು ಏಕೆ ಕೇಳಿಸಿಕೊಳ್ಳಬಾರದು?

ಈಗ ಬ್ಯಾಕಪ್ಪಿನ ಮಾತು. ನಮ್ಮ ಹಿರಿಯರಿಗೆ ಈ ವಿದ್ಯೆ ಹೊಸದಲ್ಲ. ಅವರು ಇದನ್ನು ಹಗೇವು ಎಂದು ಕರೆಯುತ್ತಿದ್ದರು. ಸುಗ್ಗಿಯಲ್ಲಿ ಬಂದ ಜೋಳವನ್ನು ನೆಲದೊಳಗಿನ ಹಗೇವಿಗೆ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮಣ್ಣೆಳೆದು, ಬರಗಾಲದಲ್ಲಿ ತೆಗೆದು ಉಣ್ಣುತ್ತಿದ್ದರು. ಬ್ಯಾಟರಿಯೂ ಒಂದು ಹಗೇವೇ. ಹಗೇವಿನಲ್ಲಿ ಎಷ್ಟು ಚೀಲ ಹಿಡಿಯುತ್ತದೆಂದು ಕೇಳುವಂತೆ ಬ್ಯಾಟರಿಯಲ್ಲಿ ಎಷ್ಟು ಆಂಪಿಯರ್-ಗಂಟೆ ಹಿಡಿಯುತ್ತದೆಂದು ಕೇಳಬೇಕು. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯೆಂದರೆ 1200 ವಾಟ್-ಗಂಟೆ. ಕರೆಂಟ್ ಬಿಲ್ಲಿನ ಭಾಷೆಯಲ್ಲಿ 1.2 ಯೂನಿಟ್ಟು. ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಇಷ್ಟೇ ಕಾಳೇ ಎಂದು ಆಶ್ಚರ್ಯವಾಗಬಹುದು. 12 ವಾಟಿನ ಒಂದು ದೀಪಕ್ಕೆ ಇದು ಲೆಕ್ಕದಲ್ಲಿ 100 ಗಂಟೆಯ ಅನ್ನ. ಆದರೆ ಜಾಣ ಒಕ್ಕಲಿಗನು ಹಗೇವನ್ನು ತಳ ಕಾಣುವವರೆಗೆ ತೋಡುವುದಿಲ್ಲ. ಬೀಜದ ಕಾಳು ಉಳಿಸುತ್ತಾನೆ. ಸೀಸದ ಬ್ಯಾಟರಿಯನ್ನೂ ಪದೇ ಪದೇ ಪೂರ್ತಿ ಇಳಿಸಿದರೆ ತಗಡುಗಳ ಮೇಲೆ ಗಂಧಕದ ಲವಣ ಗಟ್ಟಿಯಾಗಿ ಕೂತು, ಮತ್ತೆ ಎಷ್ಟು ಏರಿಸಿದರೂ ಅದು ಮೊದಲಿನಷ್ಟು ಹಿಡಿಯುವುದಿಲ್ಲ.

ಪೂರ್ತಿ ತುಂಬಿದ ಬ್ಯಾಟರಿ ಸುಮ್ಮನೆ ಕುಳಿತರೂ ಅದರ ಚಾರ್ಜ್ ತಾನಾಗಿ ಸೋರುತ್ತದೆ. ಸೋರಿದಷ್ಟನ್ನೇ ಅಲ್ಪಸ್ವಲ್ಪವಾಗಿ ತುಂಬುತ್ತಿರುವುದಕ್ಕೆ ಇಂಗ್ಲಿಷಿನಲ್ಲಿ ಫ್ಲೋಟ್ ಚಾರ್ಜ್ ಎನ್ನುತ್ತಾರೆ. 'ತೇಲು ಆವೇಶ' ಎಂದು ಅನುವಾದಿಸಿದರೆ ಯಾರಿಗೂ ಏನೂ ತಿಳಿಯದು. ಗುಡಿಯ ನಂದಾದೀಪಕ್ಕೆ ಆಗಾಗ ಎಣ್ಣೆ ಹೊಯ್ಯುವ ಪೂಜಾರಿಯ ಕೆಲಸ ಅದೆಂದರೆ ತಿಳಿಯುತ್ತದೆ. ಈ ಕೆಲಸ ಮಾಡುವ ಯಂತ್ರ, ಇಮ್ಮುಖವನ್ನು ಒಮ್ಮುಖವಾಗಿ ತಿರುಗಿಸುವ ರೆಕ್ಟಿಫೈಯರ್. ಇದರ ವಿರುದ್ಧದ ಕೆಲಸ ಇನ್ವರ್ಟರಿನದು. ಇವೆರಡೂ ಹೆಸರು ಅಂಗಡಿಗೂ ಮನೆಗೂ ಆಗಲೇ ಬಂದು ಕೂತಿವೆ. ಅವನ್ನು ಎಬ್ಬಿಸುವ ಅವಶ್ಯಕತೆ ಇಲ್ಲ.

ಇದೆಲ್ಲ ಮನೆಯ ದೀಪದ ಮಾತಷ್ಟೇ ಎಂದು ಓದುಗರು ತಿಳಿಯಬಾರದು. ವಿದ್ಯುತ್ ಉಪಕೇಂದ್ರಕ್ಕೆ ಹೋದರೆ ಒಂದು ಕೋಣೆಯಲ್ಲಿ ಕೋಶಗಳ ಸಾಲು ಕಾಣುತ್ತದೆ. ಸಾಮಾನ್ಯವಾಗಿ 2 ವೋಲ್ಟಿನ 55 ಕೋಶಗಳನ್ನು ಒಂದರ ಹಿಂದೆ ಒಂದು ಜೋಡಿಸಿ 110 ವೋಲ್ಟು ಮಾಡಿರುತ್ತಾರೆ. ಊರಿಗೆಲ್ಲ ವಿದ್ಯುತ್ತು ಹಂಚುವ ಕೇಂದ್ರಕ್ಕೆ ಬ್ಯಾಟರಿಯ ಹಂಗೇಕೆ? ಎಲ್ಲಿಯೋ ತಂತಿ ಹರಿದು ನೆಲಕ್ಕೆ ಬಿದ್ದಿತೆನ್ನಿರಿ. ಆ ಕ್ಷಣದಲ್ಲಿ ಮಾರ್ಗದ ವೋಲ್ಟು ಕುಸಿಯಬಹುದು. ಅದೇ ಕ್ಷಣದಲ್ಲಿಯೇ ಬ್ರೇಕರ್ ಬಿಚ್ಚಿಕೊಳ್ಳಬೇಕು. ಬ್ರೇಕರನ್ನು ಬಿಚ್ಚುವ ಶಕ್ತಿಯನ್ನು ಕೆಟ್ಟ ಮಾರ್ಗದಿಂದಲೇ ಬೇಡಿದರೆ ಸಿಕ್ಕೀತೆ? ಅದಕ್ಕೆ ಸ್ವತಂತ್ರವಾದ ಹಗೇವು ಬೇಕು. ಹೊಲದಲ್ಲಿ ಬಿದ್ದ ತಂತಿಯನ್ನು ಎತ್ತು ತುಳಿಯುವ ಮೊದಲು ಮಾರ್ಗ ಸತ್ತಿರಬೇಕಾದರೆ, ಆ ಕೋಣೆಯ ಬ್ಯಾಟರಿ ಬದುಕಿರಬೇಕು. ದೂರವಾಣಿ ಕೇಂದ್ರಗಳೂ ಇದೇ ತತ್ತ್ವದ ಮೇಲೆ 48 ವೋಲ್ಟಿನ ಬ್ಯಾಟರಿಯನ್ನಿಟ್ಟುಕೊಂಡವು. ಆದ್ದರಿಂದಲೇ ಊರು ಕತ್ತಲಾದಾಗಲೂ ಹಳೆಯ ಟೆಲಿಫೋನು ಮಾತಾಡುತ್ತಿತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಊರುಗಳಿಗೆ ನುಗ್ಗಿದ್ದನ್ನು ಕಂಡವರಿಗೆ, ಕಂಬದ ಕರೆಂಟು ಇಲ್ಲದ ರಾತ್ರಿಯಲ್ಲಿ ಏರಿಸಿಟ್ಟ ಒಂದು ಬ್ಯಾಟರಿಯ ಬೆಲೆ ಏನೆಂದು ಹೇಳಬೇಕಾಗಿಲ್ಲ. ಬ್ಯಾಕಪ್ಪಿಗೆ 'ಆಸರೆ' ಎಂದರೆ ಸಾಲದೆ?

ಇನ್ನು ನನ್ನ ಹಳೆಯ ಲೆಕ್ಕ. ಹಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಊರಿನಲ್ಲಿ ಬ್ಯಾಟರಿ ಏರಿಸಿಕೊಡುವ ಅಂಗಡಿಯ ಮುಂದೆ ನಾನು ಕುಳಿತಿದ್ದೆ. ಒಳಗಿನ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆ ಒಂದು ಹಲಗೆ ತೂಗುಹಾಕಿದ್ದರು. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು, ಅದರ ಕೆಳಗೆ ಕನ್ನಡದಲ್ಲಿ, 'ನಗ್ನ ಜ್ವಾಲೆ ನಿಷೇಧಿಸಲಾಗಿದೆ'. ಅಂದು ಕರೆಂಟು ಹೋಗಿ ಒಳಗೆ ಕತ್ತಲಾಗಿತ್ತು. ಕೆಲಸದ ಹುಡುಗನು, ಆಗಷ್ಟೇ ಏರಿಸಿದ್ದ ಬ್ಯಾಟರಿಯ ಬಿರಡೆ ತೆಗೆದು, ಒಳಗೆ ನೀರೆಷ್ಟಿದೆಯೆಂದು ನೋಡಲು ಕಡ್ಡಿ ಗೀರಿದನು. ಪಟಾಕಿಯಂಥ ಸದ್ದು, ಬ್ಯಾಟರಿಯ ಮೇಲ್ಮುಚ್ಚಳ ಸಿಡಿದು ಆಮ್ಲ ಅವನ ಮುಖಕ್ಕೆ ಹಾರಿತು. ಅಂಗಡಿಯ ಮುದುಕರು ಅವನ ಕತ್ತು ಹಿಡಿದು ಬಗ್ಗಿಸಿ, ಕೊಡದ ಮೇಲೆ ಕೊಡ ನೀರು ಸುರಿದು, ಕಾಲು ಗಂಟೆ ಬಿಡದೆ ಕಣ್ಣು ತೊಳೆಸಿ, ಅನಂತರ ದವಾಖಾನೆಗೆ ಒಯ್ದರು. ಆ ನೀರಿನಿಂದ ಕಣ್ಣು ಉಳಿಯಿತು.

ಮರುವಾರ ಅವನನ್ನು ನೋಡಲು ಹೋದಾಗ, "ತಮ್ಮಾ, ಹಲಗೆ ಓದಿರಲಿಲ್ಲವೇನಪ್ಪಾ?" ಎಂದೆ.

"ಓದಿದ್ನಿರಿ ಸರ. ದಿನಾ ಓದ್ತಿದ್ನಿ. ಆದ್ರ ಅದು ನನಗ ಹೇಳಿದ್ದಂತ ತಿಳೀಲಿಲ್ಲರಿ."

ಬ್ಯಾಟರಿ ಏರುತ್ತ ಬಂದು ತುಂಬುವ ಹೊತ್ತಿಗೆ ಅದರ ನೀರು ಒಡೆದು ಜಲಜನಕ, ಆಮ್ಲಜನಕಗಳಾಗಿ ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಜಲಜನಕ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದು ಅತಿ ಹಗುರವಾದ್ದರಿಂದ ಮೇಲೇರಿ ಮಾಳಿಗೆಯ ಕೆಳಗೆ ತಂಗುತ್ತದೆ. ಆದಕಾರಣ ಬ್ಯಾಟರಿಯ ಕೋಣೆಗೆ ಮೇಲುಗಡೆ ಗವಾಕ್ಷಿ ಬೇಕು. ಹೀಗೆ ಒಡೆದು ಹೋದದ್ದು ನೀರು, ಆಮ್ಲವಲ್ಲ. "ಆಸಿಡ್ ಕಡಿಮಿ ಆಗೈತಿ" ಎಂಬ ರೂಢಿಯ ಮಾತನ್ನು ನಂಬಿ ಆಸಿಡ್ಡನ್ನೇ ಸುರಿದು ಬ್ಯಾಟರಿ ಕೆಡಿಸಿದವರೂ ಉಂಟು. ಹಾಕಬೇಕಾದದ್ದು ಬಟ್ಟಿ ಇಳಿಸಿದ ನೀರು. ರೂಢಿಯ ಮಾತೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆಂಬುದನ್ನು ಒಪ್ಪಲೇಬೇಕು.

ಆ ಹುಡುಗನ ಅಜ್ಜನಿಗೆ ಹಗೇವಿನ ಗಾಳಿಯ ಭಯ ಚೆನ್ನಾಗಿ ಗೊತ್ತಿದ್ದಿತು. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಕಾಳಿನ ಉಸಿರಿನಿಂದ ಕೆಟ್ಟ ಗಾಳಿ ತುಂಬಿ, ಇಳಿದವರು ಉಸಿರುಕಟ್ಟಿ ಸತ್ತದ್ದುಂಟು. ಅದಕ್ಕಾಗಿ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ವಿದ್ಯುತ್ತಿನ ಹಗೇವಿಗೂ ಕೆಟ್ಟ ಗಾಳಿಯುಂಟು. ಆದರೆ ಇಲ್ಲಿ ಕ್ರಮ ತಿರುವುಮುರುವು, ಇಲ್ಲಿ ದೀಪವನ್ನು ಹತ್ತಿರ ತರಲೇಬಾರದು. ಇಷ್ಟನ್ನು ಅವನಿಗೆ ಯಾರಾದರೂ ಹೇಳಿದ್ದರೆ ಸಾಕಾಗಿತ್ತು. ಹಲಗೆ ಹೇಳಲಿಲ್ಲ. ಹಲಗೆ ಬರೆದವರು ಇಂಗ್ಲಿಷಿನ ಪ್ರತಿ ಶಬ್ದಕ್ಕೂ ಒಂದೊಂದು ಶಬ್ದವನ್ನು ಪ್ರಾಮಾಣಿಕವಾಗಿಯೇ ಕೊಟ್ಟಿದ್ದರು. ಓದುವ ಹುಡುಗನನ್ನು ಮಾತ್ರ ನೆನೆದಿರಲಿಲ್ಲ.

ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ಬೆಂಗಳೂರಿನಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗ ಕನ್ನಡದಲ್ಲಿ ಇಂಥ ಶಬ್ದಗಳ ಬೇಸಾಯಕ್ಕೆ ಭೂಮಿಯೇ ಹದವಾಗಿರಲಿಲ್ಲ. ಎರಡು ವರ್ಷ ನಡೆದ ಆ ಪತ್ರಿಕೆ, ಅನಂತರ 1946ರಲ್ಲಿ ಬಂದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು, ಇವುಗಳ ಋಣ ದೊಡ್ಡದು. ಶಾಸ್ತ್ರಗ್ರಂಥಕ್ಕೆ 'ವಿಭವಾಂತರ', 'ರೋಧ' ಎಂಬ ಖಚಿತ ಶಬ್ದಗಳು ಬೇಕೇ ಬೇಕು. ನಾನು ಅವನ್ನು ಹಳಿಯುವವನಲ್ಲ. ಆದರೆ ಗ್ರಂಥದ ಶಬ್ದ ಬೇರೆ, ಗೋಡೆಯ ಶಬ್ದ ಬೇರೆ. ಗೋಡೆಯ ಮೇಲೆ ಬರೆಯುವಾಗ, 'ಇಲ್ಲಿ ಕಡ್ಡಿ ಗೀರಬೇಡಿ. ಬ್ಯಾಟರಿಯ ಗಾಳಿ ಸಿಡಿಯುತ್ತದೆ' ಎಂದರೆ ಕನ್ನಡದ ಗೌರವಕ್ಕೆ ಕುಂದಿಲ್ಲ.

ಬೈಲಹೊಂಗಲದ ಹಿರಿಯರೇ, ಮೊಮ್ಮಗ ನಕ್ಕದ್ದು ತಮ್ಮ ಮೇಲೂ ಅಲ್ಲ, ಕನ್ನಡದ ಮೇಲೂ ಅಲ್ಲ. ನಿಘಂಟಿನ ನಾಲ್ಕು ಶಬ್ದಗಳು ಒಂದರ ಹೆಗಲ ಮೇಲೊಂದು ಏರಿ ನಿಂತ ದೃಶ್ಯಕ್ಕೆ ಅವನು ನಕ್ಕಿರಬೇಕು. 'ಬ್ಯಾಟರಿ ಆಸರೆಯ ಒಮ್ಮುಖ ವಿದ್ಯುತ್ತು' ಎಂದು ಅವನಿಗೆ ಹೇಳಿ ನೋಡಿರಿ. ಹಿಡಿಸದಿದ್ದರೆ ಅವನೇ ಒಂದು ಶಬ್ದ ಹುಡುಕಲಿ. ಕೈಯಲ್ಲಿ ಕೆಲಸವಿರುವವನಿಗೆ ಆ ಹಕ್ಕು ನಮಗಿಂತ ಹೆಚ್ಚು. ಅದನ್ನು ದಯಮಾಡಿ ನಮಗೂ ಬರೆದು ಕಳಿಸಿರಿ. ಜೊತೆಗೆ, ಅವನ ಕಾರ್ಯಶಾಲೆಯ ಬ್ಯಾಟರಿ ಕೋಣೆಯ ಗೋಡೆಯ ಮೇಲೆ ಏನು ಬರೆದಿದೆಯೆಂದು ಒಮ್ಮೆ ಕೇಳಿರಿ. ಅಲ್ಲಿ 'ನಗ್ನ ಜ್ವಾಲೆ' ಇದ್ದರೆ, ಒಂದು ಸುಣ್ಣದ ಕುಂಚ ಕೊಟ್ಟು ಕಳಿಸಿರಿ.