ಘಟ್ಟಕ್ಕೆ ಬಯಲು ತೀರಿಸಬೇಕಾದ ಬಾಕಿ

ಭೂಮಿಯ ತಾಪಮಾನ ಏರುತ್ತಿದೆ ಎಂದೊಡನೆ ನಮಗೆ ನೆನಪಾಗುವುದು ಧ್ರುವಪ್ರದೇಶದ ಕರಗುವ ಹಿಮ. ಆದರೆ ಅದರ ಪರಿಣಾಮವನ್ನು ಅರಿಯಲು ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಕುದುರೆಮುಖದ ಶೋಲಾ ಕಾಡುಗಳತ್ತ ನೋಡಿದರೆ ಸಾಕು.

ಕಣಿವೆಗಳಲ್ಲಿ ಒತ್ತಾಗಿ ಬೆಳೆದ ಈ ಕಾಡು ಹಾಗೂ ಸುತ್ತಲಿನ ಹುಲ್ಲುಗಾವಲು ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ತೊರೆಗಳಿಗೆ ಬಿಟ್ಟುಕೊಡುತ್ತವೆ. ಮಳೆ ಹದವಾಗಿ ಸುರಿದರೆ ಮಾತ್ರ ಈ ವ್ಯವಸ್ಥೆ ನಡೆದೀತು. ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ತೇವಾಂಶ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಮಳೆ ಒಮ್ಮೆಗೇ ಧೋ ಎಂದು ಸುರಿಯುವ ಸಂಭವವೂ ಹೆಚ್ಚುತ್ತದೆ. ಆಗ ನೀರು ಇಂಗುವುದಿಲ್ಲ, ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. 2018ರಲ್ಲಿ ಕೊಡಗು, 2024ರಲ್ಲಿ ವಯನಾಡು ಕಂಡ ಭೂಕುಸಿತಗಳಲ್ಲಿ ಅತಿವೃಷ್ಟಿಯ ಜೊತೆಗೆ ಮನುಷ್ಯನ ಭೂಬಳಕೆಯ ಪಾಲೂ ಇತ್ತೆಂಬುದನ್ನು ಮರೆಯಲಾಗದು.

ಬಿಸಿ ಏರಿದಂತೆ ಜೀವಿಗಳು ತಂಪನ್ನರಸಿ ಮೇಲಕ್ಕೆ ಸರಿಯುತ್ತವೆ. ಹಿಮಾಲಯದಲ್ಲಿ ಅದಕ್ಕೆ ಎಡೆಯುಂಟು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟದು. ಒದ್ದೆ ಚರ್ಮದಿಂದಲೂ ಉಸಿರಾಡುವ ಇಲ್ಲಿನ ಕಪ್ಪೆಗಳು ನೆತ್ತಿ ತಲುಪಿದ ಮೇಲೆ ಹೋಗುವುದಾದರೂ ಎಲ್ಲಿಗೆ?

ಪರಿಹಾರದ ಚರ್ಚೆ ನಮ್ಮಲ್ಲಿ ನಡೆದಿಲ್ಲವೆಂದಲ್ಲ. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ ವರದಿ ನೀಡಿದವು. ಎರಡನೆಯದು ರಾಜ್ಯದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತ್ತು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಲು ತೀರ್ಮಾನಿಸಿತು.

ಮಲೆನಾಡಿಗರ ವಿರೋಧವನ್ನು ಅಜ್ಞಾನವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವುದು ಸರಳ ಲೆಕ್ಕ: ಕಾಡು ಉಳಿಸುವ ಕಷ್ಟ ಒಬ್ಬರದು, ಅದರ ಫಲ ಮತ್ತೊಬ್ಬರದು. ಕೊಡಗಿನಲ್ಲಿ ಹುಟ್ಟುವ ಕಾವೇರಿಯನ್ನು ಕುಡಿಯುವವರು ಬೆಂಗಳೂರಿನಲ್ಲಿರುವ ನಾವು. ನಿರ್ಬಂಧ ಮಾತ್ರ ಅಲ್ಲಿಯವರಿಗೆ. ಇಂಥ ಒಪ್ಪಂದಕ್ಕೆ ಯಾರು ತಾನೇ ಮನಸಾರೆ ಸಹಿ ಹಾಕಿಯಾರು?

ದಾರಿ ಇಲ್ಲದಿಲ್ಲ. ರಾಜ್ಯಗಳಿಗೆ ತೆರಿಗೆ ಹಂಚುವಾಗ 14ನೇ ಹಣಕಾಸು ಆಯೋಗ ಅರಣ್ಯಕ್ಕೆ ಶೇ 7.5ರಷ್ಟು ತೂಕ ನೀಡಿತ್ತು; 15ನೇ ಆಯೋಗ ಅದನ್ನು ಶೇ 10ಕ್ಕೆ ಏರಿಸಿತು. ಕಾಡು ಉಳಿಸಿದ ರಾಜ್ಯಕ್ಕೆ ದೆಹಲಿ ಹಣ ಕೊಡಬಹುದಾದರೆ, ಕಾಡು ಉಳಿಸಿದ ಗ್ರಾಮ ಪಂಚಾಯಿತಿಗೆ ಬೆಂಗಳೂರು ಏಕೆ ಕೊಡಬಾರದು? ರಾಜ್ಯ ಬಜೆಟ್‌ನಲ್ಲಿ ಇದಕ್ಕೆ ಖಚಿತ ಸೂತ್ರವೊಂದು ಬೇಕು. ಈ ಬಾಕಿ ತೀರಿಸದೆ ಸಂರಕ್ಷಣೆಯ ಉಪದೇಶ ಮಾಡುವ ನೈತಿಕ ಹಕ್ಕು ಬಯಲಿನವರಾದ ನಮಗಿಲ್ಲ.