ಮಾಡಿದ್ದರ ತಾಪ, ಮಾಡದ್ದರ ಕೊರಗು

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಮಾಡಿದವನಿಗೆ ಎಲೆ ಹಾಕಿದೆ. ಸಿಹಿಯಾಗಲಿ, ಕಹಿಯಾಗಲಿ, ಬಡಿಸಿದ್ದನ್ನು ಅವನು ಉಂಡೇ ಏಳಬೇಕು. ನ್ಯಾಯವಾದ ಮಾತು. ಆದರೆ ಏನನ್ನೂ ಮಾಡದೆ ಕುಳಿತವನ ಗತಿಯೇನು? ಅವನಿಗೆ ಊಟವೂ ಇಲ್ಲ, ಅಜೀರ್ಣವೂ ಇಲ್ಲ ಎಂದು ನಿಶ್ಚಿಂತನಾಗಿರಬಹುದೆ? ಅಥವಾ ಬರಿಯ ಎಲೆಯ ಮುಂದೆ ಕುಳಿತು, ಬಡಿಸದೆ ಹೋದ ಭಕ್ಷ್ಯಗಳನ್ನು ಎಣಿಸುವುದೇ ಅವನ ಪಾಲಿನ ಊಟವೆ? ಗಾದೆ ಈ ವಿಷಯದಲ್ಲಿ ಮೌನವಾಗಿದೆ.

ನಗರದ ಯಾವ ಉದ್ಯಾನಕ್ಕೆ ಸಂಜೆಯ ಹೊತ್ತು ಹೋದರೂ, ಕಲ್ಲುಬೆಂಚಿನ ಮೇಲೆ ಇಂಥ ಇಬ್ಬರು ನಿವೃತ್ತರು ಕಾಣಸಿಗುತ್ತಾರೆ. ಒಬ್ಬರು ನಡುವಯಸ್ಸಿನಲ್ಲಿ ಖಾಯಂ ನೌಕರಿಗೆ ರಾಜೀನಾಮೆಯಿತ್ತು ಮುದ್ರಣಾಲಯ ತೆರೆದವರು. ಮೂರು ವರ್ಷಕ್ಕೆ ಅದು ಮುಚ್ಚಿತು. ಹೆಂಡತಿಯ ಬಳೆಗಳು ಒತ್ತೆ ಬಿದ್ದವು. ಸಾಲ ತೀರಿಸಲು ಹತ್ತು ವರ್ಷ ಹಿಡಿಯಿತು. ಇನ್ನೊಬ್ಬರಿಗೆ ಯೌವನದಲ್ಲಿ ಮುಂಬಯಿಗೆ ಹೋಗಿ ಚಿತ್ರಕಲೆ ಕಲಿಯುವ ಅವಕಾಶವಿತ್ತು. ತಂಗಿಯ ಮದುವೆ, ತಂದೆಯ ಅನಾರೋಗ್ಯ, ಮುಂದೆ ಅನ್ನಕ್ಕೇನು ದಾರಿ ಎಂಬ ಅಂಜಿಕೆ ಎಲ್ಲ ಸೇರಿ ಅವರು ಹೋಗಲಿಲ್ಲ. ಕಛೇರಿಯ ಕೆಲಸಕ್ಕೆ ಸೇರಿದರು. ತಿಂಗಳು ತಿಂಗಳಿಗೆ ಪಿಂಚಣಿ ತಪ್ಪದೆ ಬರುತ್ತಿದೆ.

ಈಗ ಇಬ್ಬರ ಮಾತನ್ನೂ ಕೇಳಬೇಕು. ಮುದ್ರಣಾಲಯದವರು ತಮ್ಮ ದಿವಾಳಿಯ ಕಥೆಯನ್ನು ನಗುನಗುತ್ತ ಹೇಳುತ್ತಾರೆ. ಆ ಕಥೆಗೆ ಆರಂಭವಿದೆ, ನಡುವಿದೆ, ಕೊನೆಯಿದೆ, ನೀತಿಯೂ ಒಂದಿದೆ. ‘ಪಾಲುದಾರನನ್ನು ನಂಬುವ ಮೊದಲು ಲೆಕ್ಕದ ಪುಸ್ತಕ ನೋಡಬೇಕು’ ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ಎರಡನೆಯವರ ಕಥೆಗೆ ಆರಂಭವೇ ಇಲ್ಲ. ‘ಅಂದು ಹೋಗಿದ್ದರೆ...’ ಎಂದು ಮಾತು ತೆಗೆದು, ಅಲ್ಲಿಗೇ ನಿಲ್ಲಿಸಿ, ಊರುಗೋಲಿನ ತುದಿಯಿಂದ ಮಣ್ಣಿನ ಮೇಲೆ ಗೆರೆ ಎಳೆಯುತ್ತ ಕುಳಿತುಬಿಡುತ್ತಾರೆ.

ಈ ಎರಡು ನೋವುಗಳೂ ಒಂದೇ ಜಾತಿಯವಲ್ಲ ಎಂಬುದನ್ನು ಭಾಷೆ ಬಹಳ ಹಿಂದೆಯೇ ಕಂಡುಕೊಂಡಂತಿದೆ. ಮಾಡಿದ ತಪ್ಪಿಗಾಗಿ ಪಡುವ ವ್ಯಥೆಗೆ ‘ಪಶ್ಚಾತ್ತಾಪ’ ಎಂದು ಹೆಸರು. ಪಶ್ಚಾತ್ ಎಂದರೆ ಆಮೇಲೆ. ತಾಪ ಎಂದರೆ ಬೇಗೆ. ಕಾರ್ಯ ಮುಗಿದ ಮೇಲೆ ಮೈಯೇರಿ ಸುಡುವ ಜ್ವರ ಅದು. ‘ಕೊರಗು’ ಎಂಬುದು ಅಚ್ಚಗನ್ನಡ ಪದ. ಸೊರಗುವುದು, ಒಳಗೊಳಗೇ ಬಾಡುವುದು ಎಂಬ ಭಾವ ಅದರಲ್ಲಿದೆ. ಜ್ವರ ಏರುತ್ತದೆ, ಇಳಿಯುತ್ತದೆ. ಒಳಗೆ ಬಾಡುವ ಗಿಡಕ್ಕೆ ಜ್ವರವೇ ಇಲ್ಲ. ಹೊರಗಿನವರಿಗೆ ಅದು ಬಹುಕಾಲ ತಿಳಿಯುವುದೂ ಇಲ್ಲ.

ಆಧುನಿಕ ಮನಶ್ಶಾಸ್ತ್ರವೂ ಸುತ್ತಿ ಬಳಸಿ ಇದೇ ಎಡೆಗೆ ಬಂದು ನಿಂತಿದೆ. 1982ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಎಂಬ ವಿದ್ವಾಂಸರು ಒಂದು ಪ್ರಶ್ನೆಯನ್ನು ಜನರ ಮುಂದಿಟ್ಟರು. ಒಬ್ಬನು ತನ್ನಲ್ಲಿದ್ದ ಒಂದು ಕಂಪನಿಯ ಷೇರುಗಳನ್ನು ಬದಲಾಯಿಸಬೇಕೆಂದು ಯೋಚಿಸಿ, ಕೊನೆಗೆ ಸುಮ್ಮನಾದ. ಬದಲಾಯಿಸಿದ್ದರೆ 1,200 ಡಾಲರು ಹೆಚ್ಚು ದೊರೆಯುತ್ತಿತ್ತು. ಇನ್ನೊಬ್ಬ ಷೇರುಗಳನ್ನು ಬದಲಾಯಿಸಿದ. ಹಾಗೆಯೇ ಇಟ್ಟುಕೊಂಡಿದ್ದರೆ ಅವನಿಗೂ ಅಷ್ಟೇ ಹಣ ಹೆಚ್ಚು ಬರುತ್ತಿತ್ತು. ಯಾರ ವ್ಯಥೆ ಹೆಚ್ಚು? ನಷ್ಟ ಇಬ್ಬರಿಗೂ ಸಮವೇ. ಆದರೂ ನೂರಕ್ಕೆ 92 ಮಂದಿ ಬದಲಾಯಿಸಿದವನ ವ್ಯಥೆಯೇ ಹೆಚ್ಚೆಂದರು. ಕೈಯಾರೆ ಮಾಡಿಕೊಂಡದ್ದು ಹೆಚ್ಚು ಉರಿಯುತ್ತದೆ ಎಂಬುದು ಅವರೆಲ್ಲರ ತೀರ್ಪು.

ಹಾಗಾದರೆ ಸುಮ್ಮನಿರುವುದೇ ಜಾಣತನವೆ? ಅವಸರ ಬೇಡ. 1994ರಲ್ಲಿ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ ಎಂಬ ಇನ್ನಿಬ್ಬರು ಸಂಶೋಧಕರು ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳಿದರು: ಇಡೀ ಬಾಳನ್ನು ಹಿಂದಿರುಗಿ ನೋಡಿದಾಗ ಹೆಚ್ಚು ನೋಯಿಸುವುದು ಯಾವುದು, ಮಾಡಿದ್ದೋ ಮಾಡದೆ ಬಿಟ್ಟಿದ್ದೋ? ನೂರಕ್ಕೆ 75 ಮಂದಿ ಮಾಡದೆ ಬಿಟ್ಟದ್ದರ ಕಡೆಗೆ ಕೈ ತೋರಿದರು. ಎರಡು ಉತ್ತರಗಳಿಗೂ ವಿರೋಧವಿಲ್ಲ. ನಡುವೆ ಕಾಲ ಹರಿದಿದೆ, ಅಷ್ಟೆ. 1998ರಲ್ಲಿ ಕಾನೆಮನ್ನರೂ ಈ ಇಬ್ಬರೂ ಕೂಡಿಯೇ ಒಂದು ಪ್ರಬಂಧವನ್ನು ಬರೆದು, ಮಾಡಿದ್ದಕ್ಕೆ ಪಡುವ ವ್ಯಥೆ ಬಹುಮಟ್ಟಿಗೆ ಬಿಸಿಯಾದುದು, ಬಿಟ್ಟದ್ದಕ್ಕೆ ಪಡುವುದು ಹಂಬಲದ ಬಣ್ಣದ್ದು, ಕೆಲವೊಮ್ಮೆ ಹತಾಶೆಯದೂ ಹೌದು ಎಂದು ಒಪ್ಪಿಕೊಂಡರು. ತಾಪ ಮತ್ತು ಕೊರಗು!

ಕಾಲ ಹೀಗೆ ತಕ್ಕಡಿಯನ್ನು ತಿರುಗಿಸುವುದಕ್ಕೆ ಕಾರಣಗಳಿವೆ. ಮಾಡಿದ ತಪ್ಪನ್ನು ಮನುಷ್ಯ ತಿದ್ದಲು ಹೊರಡುತ್ತಾನೆ. ಸಾಲವಾದರೆ ತೀರಿಸುತ್ತಾನೆ, ನೋಯಿಸಿದ್ದರೆ ಕ್ಷಮೆ ಬೇಡುತ್ತಾನೆ, ಅದೂ ಆಗದಿದ್ದರೆ ‘ಪೆಟ್ಟು ತಿಂದರೂ ಪಾಠ ಕಲಿತೆ’ ಎಂದು ಸಮಾಧಾನ ತಂದುಕೊಳ್ಳುತ್ತಾನೆ. ಮಾಡದೆ ಬಿಟ್ಟದ್ದನ್ನು ತಿದ್ದುವುದು ಹೇಗೆ? ಇನ್ನೂ ಒಂದು ಸೂಕ್ಷ್ಮವಿದೆ. ಅಂದು ತಡೆದ ಅಂಜಿಕೆ ವರ್ಷಗಳು ಕಳೆದಂತೆ ಮಾಸಿಹೋಗುತ್ತದೆ. ತಂಗಿಯ ಮದುವೆಯಾಯಿತು, ತಂದೆ ಕಾಲವಾದರು, ಅನ್ನದ ಚಿಂತೆ ತೀರಿತು. ಅಡ್ಡಿಗಳೆಲ್ಲ ಕರಗಿದ ಮೇಲೆ ಅವಕಾಶವೊಂದೇ ಹೊಳೆಯುತ್ತ ಉಳಿಯುತ್ತದೆ. ಆಗ ಅರವತ್ತರ ಮುದುಕ ಇಪ್ಪತ್ತರ ತರುಣನನ್ನು ‘ಹೇಡಿ’ ಎಂದು ಬಯ್ಯುತ್ತಾನೆ. ಆ ತರುಣನ ಹೆಗಲ ಮೇಲೆ ಅಂದು ಎಷ್ಟು ಭಾರವಿತ್ತೆಂಬುದು ಅವನಿಗೇ ಮರೆತಿರುತ್ತದೆ. ಕಾಣದ ಮುಂಬಯಿಯಲ್ಲಿ ಸೋಲಿಲ್ಲ, ಹಸಿವಿಲ್ಲ, ಬಾಡಿಗೆಯ ಕೋಣೆಯ ತಿಗಣೆಯೂ ಇಲ್ಲ. ಕಲ್ಪನೆಯ ಊರಿನೊಂದಿಗೆ ನಿಜವಾದ ಊರು ಸ್ಪರ್ಧಿಸಿ ಗೆಲ್ಲುವುದುಂಟೆ?

ಇಷ್ಟನ್ನು ಓದಿ ‘ಹಾಗಾದರೆ ತೋಚಿದ್ದನ್ನೆಲ್ಲ ಮಾಡಿಬಿಡುವುದೇ ಲೇಸು’ ಎಂದು ಯಾರಾದರೂ ಎದ್ದು ನಿಂತರೆ, ಅವರನ್ನು ಅಶೋಕನ ಬಳಿಗೆ ಕಳುಹಿಸಬೇಕು. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾಗಿದ್ದಾಗ ಅವನು ಕಳಿಂಗವನ್ನು ಗೆದ್ದ. 1,00,000 ಜನ ಕೊಲೆಯಾದರು, 1,50,000 ಜನ ಸೆರೆಯಾಗಿ ಸಾಗಿಸಲ್ಪಟ್ಟರು, ಅದರ ಎಷ್ಟೋ ಪಟ್ಟು ಜನ ಅಳಿದರು ಎಂದು ತನ್ನ ಹದಿಮೂರನೆಯ ಬಂಡೆಯ ಶಾಸನದಲ್ಲಿ ಅವನೇ ಲೆಕ್ಕ ಕೊಟ್ಟಿದ್ದಾನೆ; ತನ್ನ ವ್ಯಥೆಯನ್ನೂ ತೋಡಿಕೊಂಡಿದ್ದಾನೆ. ಗೆದ್ದ ಅರಸನೊಬ್ಬ ತನ್ನ ಗೆಲವಿಗಾಗಿ ನೊಂದುಕೊಂಡು ಅದನ್ನು ಕಲ್ಲಿನಲ್ಲಿ ಕೊರೆಯಿಸಿದ್ದು ಲೋಕದಲ್ಲಿ ಅಪರೂಪ.

ಆದರೆ ಆ ಶಾಸನ ಕಳಿಂಗದಲ್ಲಿ ಇಲ್ಲ! ಒಡಿಶಾದ ಧೌಳಿ ಮತ್ತು ಜೌಗಡಗಳ ಬಂಡೆಗಳಲ್ಲಿ ಅದನ್ನು ಕೈಬಿಟ್ಟು, ಬೇರೆ ಎರಡು ಶಾಸನಗಳನ್ನು ಕೊರೆಯಲಾಗಿದೆ. ಕನ್ನಡ ನಾಡಿನ ಸನ್ನತಿಯಲ್ಲಿ ದೊರೆತ ಶಿಲೆಯ ಮೇಲೂ ಆ ಎರಡು ಶಾಸನಗಳಿವೆ. ಅವು ಅಧಿಕಾರಿಗಳಿಗೆ ಇತ್ತ ಅಪ್ಪಣೆಗಳು: ಪ್ರಜೆಗಳೆಲ್ಲ ತನಗೆ ಮಕ್ಕಳ ಸಮಾನ, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು ಎಂಬ ಅರ್ಥದವು. ಹೆತ್ತ ಮಗನನ್ನು ಕಳೆದುಕೊಂಡ ತಾಯಿಯ ಎದುರಿಗೆ ಅರಸನ ಕಣ್ಣೀರಿನ ವರ್ಣನೆಯಿಂದ ಏನು ಪ್ರಯೋಜನ? ಅವಳ ಉಳಿದ ಮಗನನ್ನು ಅನ್ಯಾಯವಾಗಿ ಹಿಡಿದೊಯ್ಯದಂತೆ ನೋಡಿಕೊಳ್ಳುವುದೇ ಅಲ್ಲಿ ಪಶ್ಚಾತ್ತಾಪ. ತಾಪವು ಕಾರ್ಯಕ್ಕೆ ತಿರುಗಬಲ್ಲುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಹಾಗೆಂದು ಸತ್ತವರು ಏಳಲಿಲ್ಲ. ಮಾಡಿದವನು ಬದಲಾದ, ಬೆಲೆ ತೆತ್ತವರು ಬೇರೆಯವರು. ಮಾಡಿ ಪಶ್ಚಾತ್ತಾಪ ಪಡುವುದೇ ಮೇಲೆಂದು ಹೇಳುವ ಮೊದಲು, ಸೋತರೆ ಅದರ ಸಾಲ ಯಾರ ಖಾತೆಗೆ ಬೀಳುತ್ತದೆ ಎಂದು ಕೇಳಿಕೊಳ್ಳುವುದು ಧರ್ಮ. ಮುದ್ರಣಾಲಯದ ಹಿರಿಯರ ನಗುವಿನಲ್ಲಿ ಅವರ ಪತ್ನಿ ಎಷ್ಟರಮಟ್ಟಿಗೆ ಪಾಲುಗೊಳ್ಳುತ್ತಾರೋ, ಆ ಬಳೆಗಳನ್ನೇ ಕೇಳಬೇಕು.

ಪಶ್ಚಾತ್ತಾಪವನ್ನೂ ಮುಂದೂಡಿದರೆ ಏನಾಗುತ್ತದೆ ಎಂಬುದನ್ನು ಅಭಿನವ ಪಂಪನೆಂದು ಹೆಸರಾದ ನಾಗಚಂದ್ರನ ರಾಮಾಯಣದಲ್ಲಿ ನೋಡಬೇಕು. ಜೈನ ಸಂಪ್ರದಾಯದ ಆ ಕಾವ್ಯದ ರಾವಣ ಬರಿಯ ರಾಕ್ಷಸನಲ್ಲ. ರಾಮನಿಗೆ ಒದಗಲಿರುವ ಕೇಡಿನ ಮಾತು ಕೇಳಿ ಸೀತೆ ಮೂರ್ಛೆ ಹೋದಾಗ ಅವನ ಮನಸ್ಸು ಒಮ್ಮೆಗೇ ತಿರುಗುತ್ತದೆ. ಇಂಥ ಅನುರಾಗದ ಜೋಡಿಯನ್ನು ಅಗಲಿಸಿದೆನಲ್ಲಾ ಎಂದು ಬೇಯುತ್ತಾನೆ. ಅವಳನ್ನು ಹಿಂದಿರುಗಿಸಲು ನಿಶ್ಚಯಿಸುತ್ತಾನೆ. ಆದರೆ ಇಂದೇ ಒಪ್ಪಿಸಿದರೆ ಲೋಕ ಅಂಜಿದನೆಂದೀತು! ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು ಹಿಡಿದು ತಂದು, ಆಮೇಲೆ ಸೀತೆಯನ್ನು ಒಪ್ಪಿಸುವೆನೆಂದು ರಣರಂಗಕ್ಕೆ ಹೋಗುತ್ತಾನೆ, ಹಿಂದಿರುಗುವುದಿಲ್ಲ. ಮಾಡಿದ ತಪ್ಪು ಅವನನ್ನು ಕೊಂದಿತೆನ್ನುವುದಕ್ಕಿಂತ, ತಿದ್ದಲು ಸಿಕ್ಕ ಒಂದು ದಿನವನ್ನು ಬಿಟ್ಟುಕೊಟ್ಟದ್ದು ಕೊಂದಿತೆನ್ನಬೇಕು. ಅವನ ತಾಪ ಒಂದೇ ಗಳಿಗೆಯಲ್ಲಿ ಕೈತಪ್ಪಿದ ಅವಕಾಶವಾಗಿ ಮಾರ್ಪಟ್ಟಿತು.

ಮನೆಮನೆಯಲ್ಲಿಯೂ ನಡೆಯುವ ಯುದ್ಧ ಇದೇ ಬಗೆಯದು. ಆಸ್ತಿಯ ಪಾಲಿನಲ್ಲಿ ಅಣ್ಣತಮ್ಮಂದಿರಿಗೆ ಮಾತು ಬೆಳೆಯುತ್ತದೆ. ಇಬ್ಬರಿಗೂ ಒಳಗೇ ಪಶ್ಚಾತ್ತಾಪವಿದೆ. ‘ಮೊದಲು ಅವನು ಬರಲಿ’ ಎಂದು ಇಬ್ಬರೂ ಬಾಗಿಲು ನೋಡುತ್ತಾರೆ. ಹಬ್ಬಗಳು ಬಂದು ಹೋಗುತ್ತವೆ. ಒಂದು ದಿನ ಸುದ್ದಿ ಬರುತ್ತದೆ; ಉಟ್ಟ ಬಟ್ಟೆಯಲ್ಲಿ ಓಡಿಹೋದ ತಮ್ಮನಿಗೆ ಅಣ್ಣನ ಮುಖ ಕಾಣಲು ಮಾತ್ರ ಸಿಗುತ್ತದೆ, ಮಾತಿಗೆ ಸಿಗುವುದಿಲ್ಲ. ಅಂದು ಆಡಿದ ಕೆಟ್ಟ ಮಾತು ಅವನಿಗೆ ಅಷ್ಟಾಗಿ ನೆನಪಿರುವುದಿಲ್ಲ. ಆಡದೆ ಉಳಿದ ಒಳ್ಳೆಯ ಮಾತೇ ಕೊನೆಯವರೆಗೂ ಕಾಡುತ್ತದೆ.

ಇನ್ನೊಂದು ಕೊರಗಿನ ವಿಷಯವನ್ನು ಹೇಳದಿದ್ದರೆ ಈ ಮಾತು ಪೂರ್ಣವಾಗದು. ಅವಕಾಶವನ್ನು ತಾನಾಗಿ ಬಿಟ್ಟವರ ಕೊರಗು ಒಂದು. ಬೇರೆಯವರು ಬಿಡಿಸಿದವರ ಕೊರಗು ಮತ್ತೊಂದು. ಕಾಲೇಜಿನಲ್ಲಿ ಸ್ಥಳ ದೊರೆತಿದ್ದರೂ ಮದುವೆಯ ಹಸೆಗೆ ನಡೆದ ಹೆಣ್ಣುಮಕ್ಕಳು ಒಂದು ತಲೆಮಾರಿನ ಎಷ್ಟೋ ಮನೆಗಳಲ್ಲಿದ್ದಾರೆ. ಮೊಮ್ಮಗಳ ಪುಸ್ತಕವನ್ನು ಮಧ್ಯಾಹ್ನ ಯಾರೂ ಇಲ್ಲದಾಗ ತೆರೆದು ನೋಡುವ ಅಜ್ಜಿಗೆ ‘ಧೈರ್ಯ ಮಾಡಬೇಕಿತ್ತು’ ಎಂದು ಉಪದೇಶಿಸುವುದು ಕ್ರೌರ್ಯ. ಅವರ ಬದಲಿಗೆ ನಿರ್ಧರಿಸಿದವರು ಕೆಡುಕರೇನೂ ಅಲ್ಲ. ಮಗಳು ಎಡವದಿರಲಿ ಎಂದು ಬಯಸಿದ ತಂದೆತಾಯಿಗಳೇ. ಎಡವುವ ನೋವನ್ನು ಅವರು ಕಣ್ಣಾರೆ ಕಂಡಿದ್ದರು. ನಡೆಯದೆ ಉಳಿದವರ ನೋವು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮಕ್ಕಳ ಯಾವುದಾದರೊಂದು ಆಸೆಗೆ ‘ಬೇಡ’ ಎನ್ನುವಾಗ, ತಂದೆತಾಯಿಗಳು ಒಂದು ಪಶ್ಚಾತ್ತಾಪವನ್ನು ತಪ್ಪಿಸುತ್ತಿರಬಹುದು. ಒಂದು ಕೊರಗನ್ನು ಉಡಿಯಲ್ಲಿ ಕಟ್ಟಿ ಕಳುಹಿಸುತ್ತಲೂ ಇರಬಹುದು. ಎರಡನ್ನೂ ತೂಗಿ ನೋಡಿ ಹೇಳಿದ ‘ಬೇಡ’ಕ್ಕೆ ಬೆಲೆಯುಂಟು.

ಹಾಗಾದರೆ ಎರಡರಲ್ಲಿ ಯಾವುದು ಮೇಲು? ಸೋಲಿನ ಭಾರವನ್ನು ಮಾಡಿದವನೇ ಹೊರುವಂತಿದ್ದರೆ, ಮಾಡಿ ಪರಿತಪಿಸುವುದೇ ಮೇಲು. ಆ ತಾಪಕ್ಕೆ ಮದ್ದುಂಟು. ಇನ್ನೊಬ್ಬರ ಕಣ್ಣೀರಿನ ಮೇಲೆ ನಡೆಯಬೇಕಾದ ಸಾಹಸವಾದರೆ, ಬಿಟ್ಟು ಕೊರಗುವುದೇ ಮೇಲು. ಆ ಕೊರಗಿನಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ತಂಗಿಯ ಮದುವೆಗಾಗಿ ಮುಂಬಯಿಯನ್ನು ಬಿಟ್ಟವರು ಹೇಡಿಗಳಲ್ಲವೆಂದು ಅವರಿಗೆ ಯಾರಾದರೂ ಹೇಳಬೇಕು. ಹೇಳುವವಳು ಆ ತಂಗಿಯೇ ಆದರೆ ಇನ್ನೂ ಉತ್ತಮ.

ಕೊರಗಿಗೊಂದು ದುರಭ್ಯಾಸವಿದೆ. ಕಳೆದುಹೋದ ದೊಡ್ಡ ಅವಕಾಶವನ್ನೇ ನೋಡುತ್ತ, ಇನ್ನೂ ಕೈಯಳತೆಯಲ್ಲಿರುವ ಚಿಕ್ಕದನ್ನು ಅದು ಕಾಣಗೊಡುವುದಿಲ್ಲ. ಮುಂಬಯಿಯ ಆ ವರ್ಷ ಮರಳಿ ಬಾರದು, ನಿಜ. ಆದರೆ ಉದ್ಯಾನದಿಂದ ಮನೆಗೆ ಹೋಗುವ ದಾರಿಯಲ್ಲಿ ಬಣ್ಣದ ಪೆಟ್ಟಿಗೆ ಮಾರುವ ಅಂಗಡಿ ರಾತ್ರಿ ಎಂಟರವರೆಗೂ ತೆರೆದಿರುತ್ತದೆ. ಮಣ್ಣಿನ ಮೇಲೆ ಗೆರೆ ಎಳೆಯುವ ಆ ಊರುಗೋಲಿನ ಗೆರೆಗಳನ್ನು ಗಮನಿಸಿದವರಿಗೆ ಗೊತ್ತು, ಕೈ ಇನ್ನೂ ನಡುಗುತ್ತಿಲ್ಲ.